ಕಾಲಿಗೆ ತಾಗಿದ್ದು

ಬಹರೈನಿನಲ್ಲಿ ನಾನು ಪಿಸ್ತೂಲು ಕಲಿಸುವ ಕೆಲಸ ಮಾಡುತ್ತಿದ್ದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. "ಎಂತ ಮಾರಾಯ್ರೇ, ಅಲ್ಲಿಗೆ ಹೋದವರೆಲ್ಲ ಹೋಟೆಲು, ವರ್ಕ್‌ಶಾಪು, ಬ್ಯಾಂಕು ಅಂತ ಇರುದಲ್ವಾ?" ಎಂದು ಕೇಳುತ್ತಾರೆ. ಕೇಳಿಕೊಳ್ಳಲಿ. ಸೈನ್ಯದಿಂದ ನಿವೃತ್ತನಾಗಿ ಬಂದವನಿಗೆ ಯಾವ ಬ್ಯಾಂಕಿನವರು ಕುರ್ಚಿ ಹಾಕಿ ಕೊಡುತ್ತಾರೆ? ಬಾಗಿಲು ಕಾಯುವುದಕ್ಕೆಂದು ಹೋದೆ, ಒಂದಷ್ಟು ಕಾಲ ಕಾದೆ, ಆಮೇಲೆ ಕಂಪೆನಿಯವರಿಗೆ ನನ್ನ ಹಳೆಯ ವಿದ್ಯೆ ಗೊತ್ತಾಗಿ ತರಬೇತಿಯ ಕೆಲಸಕ್ಕೆ ಹಾಕಿದರು.

ಕಂಪೆನಿ ಪರದೇಶದವರದ್ದು. ಕಾಬೂಲಿನಂಥ ಜಾಗಗಳಿಗೆ ಕಾವಲಿನವರನ್ನೂ ಡ್ರೈವರುಗಳನ್ನೂ ಕಳಿಸುವುದು ಅವರ ವ್ಯಾಪಾರ. ಬಹರೈನಿನೊಳಗೆ ನಮ್ಮ ಯಾರ ಸೊಂಟದಲ್ಲೂ ಪಿಸ್ತೂಲು ಇರುತ್ತಿರಲಿಲ್ಲ, ಅಲ್ಲಿನ ಕಾನೂನು ಬಿಡುವುದಿಲ್ಲ. ಸನದ್‌ ಎಂಬಲ್ಲಿನ ಒಂದು ಗೋದಾಮಿನಲ್ಲಿ, ತೂಕದಲ್ಲಿ ಅಸಲಿಯಂತೆಯೇ ಇದ್ದ ನೀಲಿ ಬಣ್ಣದ ನಕಲಿ ಪಿಸ್ತೂಲುಗಳಲ್ಲಿ ಕಲಿಕೆ ನಡೆಯುತ್ತಿತ್ತು. ಕೊನೆಯ ಕೆಲವು ದಿನ ಮಾತ್ರ ಅನುಮತಿ ಪಡೆದು ದಕ್ಷಿಣದ ಮರಳುಗಾಡಿಗೆ ಹೋಗಿ ಅಸಲಿ ಗುಂಡು ಹೊಡೆಯುವುದು. ಆ ಪಿಸ್ತೂಲುಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಸಂಜೆಯೊಳಗೆ ಬೀಗ ಹಾಕಿಸಿಕೊಂಡು ಹೋಗುತ್ತಿದ್ದವು.

ಮುಖ್ಯ ತರಬೇತುದಾರ ಒಬ್ಬ ಬ್ರಿಟಿಷ್ ಮಾಜಿ ಸೈನಿಕ. ನಾವೆಲ್ಲ ಅವನನ್ನು ಸಾಹೇಬ ಎನ್ನುತ್ತಿದ್ದೆವು. ಧ್ವನಿ ಏರಿಸದೆಯೇ ಮರ್ಯಾದೆ ತೆಗೆಯುವುದರಲ್ಲಿ ಅವನು ಪಳಗಿದವನು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಹಿಂದಿಯಲ್ಲಿ ಹೇಳಬೇಕು, ಮಾಡಿ ತೋರಿಸಬೇಕು, ಅವನು ಚಹಾಕ್ಕೆ ಹೋದ ಮೇಲೆ ತಲೆಗೆ ಹೋಗದವರಿಗೆ ಇನ್ನೊಮ್ಮೆ ಕುಟ್ಟಿ ಕುಟ್ಟಿ ಹೇಳಬೇಕು.

ಸಿನಿಮಾ ನೋಡಿ ಬಂದವರಿಗೆ ಮೊದಲ ವಾರ ಬಹಳ ಬೇಜಾರು. ಢಂ ಎಂಬ ಶಬ್ದವೇ ಇಲ್ಲ. ನಳಿಕೆ ಯಾರ ಕಡೆಗೂ ತಿರುಗಬಾರದು, ನಿನ್ನ ಸ್ವಂತ ಕಾಲಿನ ಕಡೆಗೂ ತಿರುಗಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗ್ಗರಿನ ಹೊರಗೆ ನೆಟ್ಟಗಿರಬೇಕು. ಅಂಗಿಯ ಅಂಚನ್ನು ಎಡಗೈಯಲ್ಲಿ ಎತ್ತು, ಬಲಗೈಯಲ್ಲಿ ಪಿಸ್ತೂಲು ಹಿಡಿ, ಎದೆಯ ಮುಂದಕ್ಕೆ ತಾ, ಎರಡೂ ಕೈ ಸೇರಿಸು, ಮುಂದಕ್ಕೆ ಚಾಚು. ಇದನ್ನೇ ಬೆಳಗ್ಗಿನಿಂದ ಮಧ್ಯಾಹ್ನದ ತನಕ. ಕೈ ತಾನಾಗಿ ಮಾಡಬೇಕು, ತಲೆ ಬೇರೆ ಕೆಲಸಕ್ಕೆ ಖಾಲಿ ಇರಬೇಕು ಎಂಬುದು ಸಾಹೇಬನ ಮಂತ್ರ. ಆ ಮಾತು ನೂರಕ್ಕೆ ನೂರು ಸರಿ ಎಂದು ನನಗೆ ಆಗಲೂ ಅನಿಸುತ್ತಿತ್ತು.

ಅಂಥ ಜಾಗಕ್ಕೆ ನನ್ನ ತಂಗಿಯ ಗಂಡ ಬಂದ. ನಮ್ಮ ಕಡೆ ತಂಗಿಯ ಗಂಡನೂ ಭಾವನೇ, ಹೆಂಡತಿಯ ಅಣ್ಣನೂ ಭಾವನೇ, ಹಾಗಾಗಿ ನಾನು ಅವನಿಗೆ ಭಾವ, ಅವನು ನನಗೆ ಭಾವ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನಾದರೂ ಮನೆಯ ಅಳಿಯ ಎಂದು ಎದುರಿಗೆ ನೀವು ಎನ್ನುತ್ತಿದ್ದೆ. ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಭಾವ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಕೆಲಸದವನು. ಸನದ್‌ನಲ್ಲೇ ಒಂದು ವರ್ಕ್‌ಶಾಪಿನಲ್ಲಿ ಇದ್ದ. ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಂದಾಗ ಆ ವರ್ಕ್‌ಶಾಪಿನ ಶಟರೂ ಕೆಳಗೆ ಬಿತ್ತು. ತಂಗಿಗೆ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಕೆಲಸ ಇತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು. ಹೆಂಡತಿ ಮಗಳು ಇಬ್ಬರೂ ಹೊರಟ ಮೇಲೆ ಭಾವ ಮಾಹೂಝ್‌ನ ಫ್ಲ್ಯಾಟಿನಲ್ಲಿ ಒಬ್ಬನೇ. ಮೊದಲು ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಸರಿಮಾಡಿದ. ಆಮೇಲೆ ಪಕ್ಕದ ಮನೆಯವರ ನಲ್ಲಿ. ಆಮೇಲೆ ಸರಿ ಇದ್ದ ಫ್ಯಾನನ್ನೇ ಇಳಿಸಿ ಬಿಚ್ಚಲು ಶುರುಮಾಡಿದ. ಒಂದು ದಿನ ನನ್ನನ್ನು ಕೇಳಿದ, "ಭಾವ, ನಿಮ್ಮ ಕಂಪೆನಿಗೆ ಕಾಬೂಲಿಗೆ ಹೋಗುವ ಮೆಕ್ಯಾನಿಕ್ ಬೇಕಂತಲ್ಲ?"

ಬೇಕಾಗಿತ್ತು ನಿಜ. ಆದರೆ ಗಾಡಿಯೊಳಗೆ ಕೂರುವ ಪ್ರತಿಯೊಬ್ಬನಿಗೂ, ಅವನು ಸ್ಪ್ಯಾನರ್ ಹಿಡಿಯುವವನಾದರೂ, ತನ್ನನ್ನು ತಾನು ಕಾಪಾಡಿಕೊಳ್ಳುವಷ್ಟು ಪಿಸ್ತೂಲು ಬರಬೇಕೆಂಬ ನಿಯಮ. ಅದಕ್ಕೆ ಪರೀಕ್ಷೆ ಇತ್ತು. ಪರೀಕ್ಷೆ ಮಾಡುವವನು ಸಾಹೇಬ.

ಆ ವಾರದ ರಜೆಯ ಶುಕ್ರವಾರ ತಂಗಿ ನನ್ನನ್ನು ಅಡುಗೆಮನೆಗೆ ಕರೆದಳು. ಕಾವಲಿಯ ಮೇಲೆ ಬಂಗುಡೆ ಮೀನು ಕಾಯುತ್ತಿತ್ತು, ಹೊಗೆಗೋ ಸಿಟ್ಟಿಗೋ ಅವಳ ಕಣ್ಣು ಕೆಂಪಾಗಿತ್ತು.

"ಅಣ್ಣ, ಅವ್ರನ್ನು ಫೇಲ್ ಮಾಡು."

"ನಾನು ಮಾಡುದಲ್ಲ ಮಾರಾಯ್ತಿ, ಸಾಹೇಬ ಮಾಡುದು."

"ಹಾಗಾದ್ರೆ ಸರಿಯಾಗಿ ಕಲಿಸ್ಬೇಡ."

"ಸರಿಯಾಗಿ ಕಲಿಸದೆ ಪಾಸಾದ್ರೆ?" ಎಂದೆ. ಅವಳು ಸಟ್ಟುಗ ಹಿಡಿದುಕೊಂಡು ಹಾಗೇ ನಿಂತಳು. ಒಂದು ಮೀನು ಸೀದು ಹೋಯಿತು.

"ಹೋಗಿಯೇ ಹೋಗ್ತಾರೆ ಅಲ್ವಾ ಇವ್ರು," ಎಂದಳು. "ಹಾಗಾದ್ರೆ ಕೇಳು. ಜೀವಂತ ಬರ್ಬೇಕು. ಕೈಯೋ ಕಾಲೋ ಹೋದ್ರೆ ಹೋಗ್ಲಿ, ನಾನು ದುಡಿದು ಹಾಕ್ತೇನೆ. ಜೀವ ತಕೊಂಡು ವಾಪಸ್ ಬರುವ ಹಾಗೆ ಮಾಡುದು ನಿನ್ನ ಕೆಲಸ. ಬೇರೆ ಎಂತದೂ ನಂಗೆ ಗೊತ್ತಿಲ್ಲ."

ಆಯ್ತು ಎಂದೆ. ಬೇರೆ ಏನು ಹೇಳುವುದಕ್ಕಿತ್ತು? ಇದ್ದದ್ದು ಒಬ್ಬಳೇ ತಂಗಿ.

ಗೋದಾಮಿನಲ್ಲಿ ಜೋಡಿ ಮಾಡುವುದು ವಾಡಿಕೆ. ಇಬ್ಬಿಬ್ಬರು ಅಕ್ಕಪಕ್ಕ ನಿಂತು ಕಲಿಯಬೇಕು, ಒಬ್ಬ ಗುಂಡು ತುಂಬುವಾಗ ಇನ್ನೊಬ್ಬ ಹೊಡೆಯುತ್ತಿರಬೇಕು. ಭಾವನ ಜೋಡಿಗೆ ಸಿಕ್ಕಿದವನು ಬೈಲಹೊಂಗಲದ ಒಬ್ಬ ಡ್ರೈವರ್. ಬಹರೈನಿನಲ್ಲಿ ದೊಡ್ಡ ಟ್ರೇಲರ್ ಓಡಿಸುತ್ತಿದ್ದವನು, ಅವನಿಗೂ ಕೆಲಸ ಹೋಗಿತ್ತು. ದಪ್ಪ ಮೀಸೆ, ದೊಡ್ಡ ನಗು, ಶೇಂಗಾ ಚಟ್ನಿಪುಡಿಯ ಡಬ್ಬಿ ಯಾವಾಗಲೂ ಚೀಲದಲ್ಲಿ. ನಮ್ಮ ಕರಾವಳಿಯ ಕನ್ನಡ ಕೇಳಿ ಅವನಿಗೆ ನಗು, ಅವನ ಕನ್ನಡ ಕೇಳಿ ಭಾವನಿಗೆ ನಗು. ಎರಡು ದಿನದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಗೆಳೆತನ. ಅವನು ಭಾವನನ್ನು ದೋಸ್ತ ಎನ್ನುತ್ತಿದ್ದ. ಶುಕ್ರವಾರ ತಂಗಿಯ ಮನೆಗೇ ಊಟಕ್ಕೆ ಬರುತ್ತಿದ್ದ. ಊರಿನಲ್ಲಿದ್ದ ಅವನ ಹೆಂಡತಿ ತಂಗಿಯ ಮನೆಯ ಫೋನಿಗೇ ಕರೆ ಮಾಡಿ, ಅವನ ಹತ್ತಿರ ಮಾತಾಡುವುದಕ್ಕಿಂತ ಹೆಚ್ಚು ತಂಗಿಯ ಹತ್ತಿರ ಮಾತಾಡುತ್ತಿದ್ದಳು.

ಪಿಸ್ತೂಲು ತೆಗೆಯುವುದರಲ್ಲಿ ಭಾವನನ್ನು ಮೀರಿಸುವವರಿರಲಿಲ್ಲ. ಲೇತಿನ ಮುಂದೆ ಪಳಗಿದ ಕೈ, ನಡುಕವೇ ಇಲ್ಲ. ಸಾಹೇಬನೇ ಹುಬ್ಬೇರಿಸಿದ. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಎಡವಟ್ಟು ಶುರುವಾದದ್ದು ಮ್ಯಾಗಜಿನ್ ಬದಲಿಸುವ ದಿನ.

ಮ್ಯಾಗಜಿನ್ ಎಂದರೆ ಪಿಸ್ತೂಲಿನ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ. ಗುಂಡು ಮುಗಿದ ಕೂಡಲೇ ಹೆಬ್ಬೆರಳಿನಲ್ಲಿ ಗುಂಡಿ ಒತ್ತಬೇಕು, ಖಾಲಿ ಡಬ್ಬಿ ತಾನಾಗಿ ಕೆಳಗೆ ಬೀಳುತ್ತದೆ, ಎಡಗೈ ಬೆಲ್ಟಿನಿಂದ ಹೊಸದನ್ನು ತಂದು ತುಂಬುತ್ತದೆ. ಕಣ್ಣು ಎದುರಿಗೇ ಇರಬೇಕು. ಬಿದ್ದ ಡಬ್ಬಿ ಬಿದ್ದ ಹಾಗೇ ಇರಬೇಕು. ಅದರ ಕಡೆ ನೋಡಿದರೂ ತಪ್ಪು.

ಭಾವ ಗುಂಡಿ ಒತ್ತಿದ. ಖಾಲಿ ಡಬ್ಬಿ ಬಿದ್ದು ಅವನ ಬೂಟಿಗೆ ತಾಗಿತು. ಭಾವ ಬಗ್ಗಿದ. ಎರಡು ಬೆರಳಿನಲ್ಲಿ ಡಬ್ಬಿಯನ್ನು ಮುಟ್ಟಿದ, ಬೆರಳನ್ನು ಕಣ್ಣಿಗೊತ್ತಿಕೊಂಡ, ಎದ್ದ, ಹೊಸ ಡಬ್ಬಿ ತುಂಬಿದ. ಪಕ್ಕದಲ್ಲಿದ್ದ ಬೈಲಹೊಂಗಲದವನೂ ಅದೇ ಹೊತ್ತಿಗೆ ಬಗ್ಗಿ ಅದನ್ನೇ ಮಾಡುತ್ತಿದ್ದ. ಆ ಸಾಲಿನಲ್ಲಿದ್ದ ಫಿಲಿಪ್ಪೀನ್ಸಿನವರೆಲ್ಲ ನೆಟ್ಟಗೆ ನಿಂತಿದ್ದರು, ನಮ್ಮವರಿಬ್ಬರು ಮಾತ್ರ ದೇವಸ್ಥಾನದ ಹೊಸ್ತಿಲ ಮುಂದೆ ಬಗ್ಗಿದ ಹಾಗೆ ಬಗ್ಗಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಕಾಲಿಗೆ ಪುಸ್ತಕ ತಾಗಿದರೆ, ಸಾಮಾನು ತಾಗಿದರೆ, ಮನುಷ್ಯರು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ನಾನೂ ಇವತ್ತಿಗೂ ಮಾಡುತ್ತೇನೆ. ಅದಕ್ಕೆ ಯಾರೂ ಪಾಠ ಹೇಳಿಕೊಟ್ಟದ್ದಿಲ್ಲ, ಅಮ್ಮನ ಸೊಂಟದಲ್ಲಿ ಕೂತು ನೋಡಿ ಬಂದದ್ದು.

ಸಾಹೇಬ ನಗಲಿಲ್ಲ. ಇವರು ಏನು ಮಾಡುತ್ತಿದ್ದಾರೆ ಎಂದು ಕೇಳಿದ. ಅರ್ಥ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡ. ಒಳ್ಳೆಯ ಪದ್ಧತಿ, ಆದರೆ ಎದುರಿಗೆ ಬಂದೂಕು ಹಿಡಿದವನು ಇವರು ಕ್ಷಮೆ ಕೇಳಿ ಮುಗಿಸುವವರೆಗೆ ಕಾಯುವುದಿಲ್ಲ ಎಂದ. ಆಮೇಲೆ ಭಾವನನ್ನೇ ಬಗ್ಗಿಸಿ ನಿಲ್ಲಿಸಿ ತೋರಿಸಿದ: ಬಗ್ಗಿದರೆ ತಲೆ ಎಲ್ಲಿಗೆ ಬರುತ್ತದೆ ನೋಡು, ಪಕ್ಕದವನ ಪಿಸ್ತೂಲು ಎಲ್ಲಿರುತ್ತದೆ ನೋಡು. ನೋಡಿದೆ. ನನ್ನ ನಗು ಇಳಿದುಹೋಯಿತು. ಜೋಡಿಯವನ ನಳಿಕೆಯ ಮುಂದಕ್ಕೇ ಭಾವನ ನೆತ್ತಿ ಬಂದಿತ್ತು. ಮರಳುಗಾಡಿಗೆ ಹೋಗುವ ಮೊದಲು ಇದನ್ನು ಬಿಡಿಸು, ಬಿಡದಿದ್ದರೆ ಇಬ್ಬರನ್ನೂ ತೆಗೆಯುತ್ತೇನೆ ಎಂದು ನನಗೆ ಹೇಳಿ ಹೋದ.

ಬಿಡಿಸುವುದು ಸುಲಭ ಎಂದುಕೊಂಡಿದ್ದೆ. ಕರ್ಮ! ಹೇಳಿದರೆ "ಹೌದು ಭಾವ, ಇನ್ನು ಮಾಡುದಿಲ್ಲ" ಎನ್ನುತ್ತಾನೆ. ಡಬ್ಬಿ ಬಿದ್ದ ಕೂಡಲೇ ಸೊಂಟ ಬಗ್ಗುತ್ತದೆ. ಎದ್ದ ಮೇಲೆ ಅವನಿಗೇ ಆಶ್ಚರ್ಯ, ತಾನು ಬಗ್ಗಿದ್ದೆನೇ ಎಂದು. ಬೈಲಹೊಂಗಲದವನ ಕಥೆಯೂ ಅದೇ. "ಏನ್ ಮಾಡ್ಲಿರೀ ಸರ, ಕೈ ತಾನ ಹೋಗ್ತೈತ್ರಿ," ಎನ್ನುವನು.

ಅಂಗಿಯೊಳಗೆ ಬೆನ್ನಿಗೆ ಕ್ರಿಕೆಟ್ ಸ್ಟಂಪು ಕಟ್ಟಿದೆ. ಬಗ್ಗಲಾಗದೆ ಇಬ್ಬರೂ ಮಂಡಿಯೂರಿ ಕೂತು ಮುಟ್ಟಿದರು. ಗೋದಾಮಿಡೀ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ಗೋದಾಮಿನಲ್ಲೂ ಭಾವನಿಗೆ ನೀವು ಎನ್ನುತ್ತಿದ್ದವನು ಅವತ್ತಿನಿಂದ ನೀನು ಎಂದೆ. "ನಿಂಗೆ ಸಾಯ್ಲಿಕ್ಕೆ ಅಷ್ಟು ಅರ್ಜೆಂಟ್ ಉಂಟಾ? ಇಲ್ಲೇ ಸಾಯಿ, ಕಾಬೂಲಿನವರಿಗೆ ಯಾಕೆ ತೊಂದರೆ?" ಎಂದು ಎಲ್ಲರೆದುರು ಕಿರುಚಿದೆ. ಭಾವ ತಲೆ ತಗ್ಗಿಸಿ ನಿಂತ.

"ಅನ್ನ ಕೊಡುವ ಸಾಮಾನು ಭಾವ," ಎಂದ ಮೆಲ್ಲಗೆ. "ಕಾಲು ತಾಗಿದ್ರೆ ಮನಸ್ಸಿಗೆ ಒಂಥರಾ ಆಗ್ತದೆ."

ಆಗ ನನಗೆ ಹೊಳೆಯಿತು. ಒಂದು ಅಭ್ಯಾಸವನ್ನು ಸುಮ್ಮನೆ ಬಿಡು ಎಂದರೆ ಅದು ಹೋಗುವುದಿಲ್ಲ, ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಕು. ಸೈನ್ಯದಲ್ಲಿ ಹೊಸಬರಿಗೆ ನಾವು ಮಾಡುತ್ತಿದ್ದದ್ದೂ ಅದನ್ನೇ. ಬಗ್ಗುವ ಬದಲು ಒದೆಯಬೇಕು. ಕಾಲಿಗೆ ಏನು ತಾಗಿದರೂ, ನೋಡದೆ, ಹಿಮ್ಮಡಿಯಿಂದ ಹಿಂದಕ್ಕೆ ಒದ್ದು ಮುಂದೆ ಹೆಜ್ಜೆ ಇಡಬೇಕು. ಕಾಲಿನಡಿ ಏನೂ ಉಳಿಯದಿದ್ದರೆ ಜಾರಿ ಬೀಳುವ ಭಯವೂ ಇಲ್ಲ. ಸಾಹೇಬನಿಗೆ ಹೇಳಿದೆ. ಚೆನ್ನಾಗಿದೆ ಎಂದ.

ಒದೆಯುವುದು ಭಾವನಿಗೆ ಆಗಲಿಲ್ಲ. ಕಾಲು ಎತ್ತುತ್ತಾನೆ, ಹಾಗೇ ನಿಲ್ಲಿಸುತ್ತಾನೆ, ಮುಖ ಕಿವುಚುತ್ತಾನೆ. ಮೊದಲು ಖಾಲಿ ನೀರಿನ ಬಾಟಲಿ ಇಟ್ಟು ಒದೆಸಿದೆ. ಆಮೇಲೆ ಹಳೆಯ ಸ್ಪ್ಯಾನರು, ಸುತ್ತಿಗೆ. ಅದಾದ ಮೇಲೆ ಮ್ಯಾಗಜಿನ್. ಮ್ಯಾಗಜಿನ್ ಒದೆಯುವಷ್ಟಕ್ಕೆ ಬಂದ, ಆದರೆ ಒದ್ದ ಮೇಲೆ ಕೈ ಒಮ್ಮೆ ಕಣ್ಣಿನ ಕಡೆ ಹೊರಡುತ್ತಿತ್ತು. ಅಷ್ಟರಲ್ಲೇ ಜೀವ ಹೋಗುತ್ತದಲ್ಲ! ಒಂದು ಬೆಳಗ್ಗೆ ತಂಗಿಯ ಮಗಳ ಹಿಂದಿನ ವರ್ಷದ ಶಾಲೆಯ ಪುಸ್ತಕಗಳನ್ನು ಕೇಳಿ ತಂದೆ. ಯಾರಿಗೋ ಬಡ ಮಕ್ಕಳಿಗೆ ಕೊಡುತ್ತೇನೆ ಎಂದು ತಂಗಿಗೆ ಹೇಳಿದ್ದೆ. ಅವನ್ನು ಗೋದಾಮಿನ ನೆಲದ ಮೇಲೆ ಹರಡಿ, ಅವುಗಳ ನಡುವೆ ಭಾವನನ್ನು ನಿಲ್ಲಿಸಿ, ಮ್ಯಾಗಜಿನ್ ಬದಲಿಸು, ತಾಗಿದ್ದನ್ನೆಲ್ಲ ಒದೆ ಎಂದೆ.

"ಭಾವ, ಪುಸ್ತಕ..." ಎಂದ.

"ಒದೆ."

"ಪಾಪುವಿನ ಹೆಸರು ಬರ್ದದ್ದುಂಟು ಅದರಲ್ಲಿ."

"ಅವಳಿಗೆ ಅಪ್ಪ ಬೇಕಾ, ಪುಸ್ತಕ ಬೇಕಾ? ಒದೆ!"

ಒದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ಒಂದು ಕೂದಲಿನಷ್ಟೂ ಅಲುಗದೆ ಡಬ್ಬಿ ಬದಲಿಸುತ್ತಿತ್ತು. ಬೈಲಹೊಂಗಲದವನು ನೋಡಿ ನಿಂತಿದ್ದ. ಅವನ ಸರದಿ ಬಂದಾಗ ಪುಸ್ತಕವನ್ನು ದಾಟಿ ದಾಟಿ ಹೆಜ್ಜೆ ಇಟ್ಟನೇ ಹೊರತು ಒದೆಯಲಿಲ್ಲ. "ಸರ, ಬಗ್ಗೂದಿಲ್ರೀ, ಆಣಿ ಮಾಡ್ತೇನಿ. ಆದ್ರ ಒದಿಯೂದು ನನ್ನ ಕಡಿಂದ ಆಗೂದಿಲ್ರೀ," ಎಂದ. ಅವನು ನಿಜವಾಗಿಯೂ ಅವತ್ತಿನಿಂದ ಬಗ್ಗಲಿಲ್ಲ. ಮಾತಿನ ಮನುಷ್ಯ. ಅವನ ಮಟ್ಟಿಗೆ ಅಷ್ಟು ಸಾಕು ಎಂದು ನಾನೂ ಬಿಟ್ಟೆ.

ಭಾವನನ್ನು ಬಿಡಲಿಲ್ಲ. ದಿನವೂ ಪುಸ್ತಕ, ದಿನವೂ ಸ್ಪ್ಯಾನರು. ಆಮೇಲೆ ಮರಳು ತುಂಬಿದ ಚೀಲ ತಂದೆ, ತೂಕದ್ದು, ಕಾಲಿಗೆ ಅಂಟಿ ನಿಲ್ಲುವಂಥದ್ದು. ಅದನ್ನೂ ಒದ್ದ. ವಾರ ಕಳೆಯುವುದರೊಳಗೆ ಅಳುವುದು ನಿಂತಿತು. ಇನ್ನೊಂದು ವಾರಕ್ಕೆ ಒದೆಯುತ್ತಿರುವುದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಮರಳುಗಾಡಿನ ಪರೀಕ್ಷೆಯ ದಿನ ಬಿಸಿಗಾಳಿ ಬೀಸುತ್ತಿತ್ತು, ಗುರಿಯ ಹಲಗೆಗಳು ಅಲುಗುತ್ತಿದ್ದವು. ಭಾವ ಹೊಡೆದ, ಬದಲಿಸಿದ, ಹಿಮ್ಮಡಿ ಹಿಂದಕ್ಕೆ ಹೋಯಿತು, ಮುಂದೆ ಹೆಜ್ಜೆ ಇಟ್ಟ, ಮತ್ತೆ ಹೊಡೆದ. ನಿಂತಲ್ಲಿ ಒಂದು ಕ್ಷಣವೂ ತಡೆಯಲಿಲ್ಲ. ಸಾಹೇಬ ನನ್ನ ಬೆನ್ನು ತಟ್ಟಿದ. ಜೋಡಿಯವನೂ ಪಾಸಾದ, ಸ್ವಲ್ಪ ನಿಧಾನ ಎಂಬ ಮಾತಿನೊಂದಿಗೆ.

ಇಬ್ಬರೂ ಒಂದೇ ವಿಮಾನದಲ್ಲಿ ಹೋದರು. ತಂಗಿ ವಿಮಾನ ನಿಲ್ದಾಣಕ್ಕೆ ಬರಲಿಲ್ಲ, ಆಫೀಸಿಗೆ ಹೋದಳು. ಆಮೇಲಿನ ತಿಂಗಳುಗಳಲ್ಲಿ ಅವಳು ಟಿವಿಯ ಸುದ್ದಿ ಹಾಕುವುದನ್ನೇ ಬಿಟ್ಟಳು. ನಾನು ಹೋದಾಗಲೆಲ್ಲ ನನ್ನ ಮುಖವನ್ನೇ ಮೊದಲು ನೋಡುತ್ತಿದ್ದಳು, ಕಂಪೆನಿಯಿಂದ ಏನಾದರೂ ಕೇಳಿಬಂದಿದೆಯೇ ಎಂದು. ಬಾಗಿಲಲ್ಲೇ ನಗುತ್ತಾ ನಿಲ್ಲುವುದನ್ನು ನಾನು ಅಭ್ಯಾಸ ಮಾಡಿಕೊಂಡೆ.

ಚಳಿ ಶುರುವಾದ ಹೊತ್ತಿಗೆ ಕೇಳಿಬಂತು. ದಾರಿಯಲ್ಲಿ ಗಾಡಿಗಳ ಮೇಲೆ ದಾಳಿಯಾಗಿದೆ, ಮುಂದಿನ ಗಾಡಿ ಸಿಡಿದುಹೋಗಿದೆ, ನಮ್ಮ ತರಬೇತಿಯ ಒಬ್ಬ ತೀರಿಕೊಂಡಿದ್ದಾನೆ ಎಂದು ಆಫೀಸಿನವರು ಕರೆದು ಹೇಳಿದರು. ಯಾರು ಎಂದು ಅವರು ಹೇಳುವ ತನಕ ನಾನು ಪ್ರಾರ್ಥಿಸಿದ್ದು ಒಂದೇ: ಭಾವ ಆಗಿರಬಾರದು. ಭಾವ ಅಲ್ಲದಿದ್ದರೆ ಯಾರು ಎಂದು ಯೋಚಿಸಲೂ ಇಲ್ಲ. ಬೈಲಹೊಂಗಲದವನು ಎಂದರು. ದೇವರೇ, ನನಗೆ ಆ ಕ್ಷಣದಲ್ಲಿ ಆದದ್ದು ಸಮಾಧಾನ. ಆಮೇಲೆ ಅವನ ಮೀಸೆ, ಅವನ ಚಟ್ನಿಪುಡಿ ಡಬ್ಬಿ ನೆನಪಾಗಿ ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವನ ದೇಹ ಅಲ್ಲಿಂದಲೇ ಊರಿಗೆ ಹೋಯಿತು. ಭಾವನಿಗೆ ಒಂದು ಗೀರೂ ಆಗಿರಲಿಲ್ಲ. ಕಂಪೆನಿ ಅವನನ್ನು ಬಹರೈನಿಗೆ ವಾಪಸ್ ಕಳಿಸಿತು.

ಮುಂದಿನ ಶುಕ್ರವಾರ ತಂಗಿ ಊಟಕ್ಕೆ ಕರೆದಳು. ಹೆಸರುಬೇಳೆ ಪಾಯಸ ಮಾಡಿದ್ದಳು. ಮಾಡಬಾರದಿತ್ತೋ ಏನೋ, ಒಬ್ಬ ಸತ್ತಿದ್ದಾನಲ್ಲ ಎಂದು ಅವಳೇ ಹೇಳಿ, ಆದರೂ ಮಾಡಿದೆ ಎಂದಳು. ನನ್ನ ಕೈ ಹಿಡಿದು ಅತ್ತಳು. "ನೀನು ಅವ್ರನ್ನು ಬದುಕಿಸಿದ್ದು ಅಣ್ಣ. ನಾನು ಸಾಯುವ ತನಕ ಮರೆಯುದಿಲ್ಲ." ನನಗೂ ಕಣ್ಣು ತುಂಬಿತು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾದದ್ದು ನೋಡಿದೆ.

ಅವಳು ಬಡಿಸಲು ಒಳಗೆ ಹೋದಾಗ ಹೊರಗಿನ ಕೋಣೆಯಲ್ಲಿ ನಾವಿಬ್ಬರೇ. ಭಾವ ಸೋಫಾದ ತುದಿಯಲ್ಲಿ ಕೂತಿದ್ದ. ಹೇಗಾಯಿತು ಎಂದು ನಾನೇ ಕೇಳಿದೆ. ಕೇಳದೆ ಇರಬಹುದಿತ್ತು.

ಅವನು ಸಾವಕಾಶ ಹೇಳಿದ. ಮುಂದಿನ ಗಾಡಿ ಸಿಡಿದ ಮೇಲೆ ಇವರ ಗಾಡಿಯೂ ನಿಂತಿತು. ಇಳಿದು ಹಿಂದಿನ ಗಾಡಿಗೆ ಓಡಬೇಕಾಗಿತ್ತು. ಒಂದು ಮಣ್ಣಿನ ಗೋಡೆಯ ಪಕ್ಕದಲ್ಲಿ ಇಬ್ಬರೂ ಸಾಗುತ್ತಿದ್ದರು, ಭಾವ ಮುಂದೆ, ಬೈಲಹೊಂಗಲದವನು ಮಗ್ಗುಲಿಗೆ ಒಂದು ಹೆಜ್ಜೆ ಹಿಂದೆ. ಎದುರಿನ ಮನೆಯ ಮಾಡಿನ ಮೇಲಿನಿಂದ ಗುಂಡು ಬರುತ್ತಿತ್ತು. ಭಾವನ ಡಬ್ಬಿ ಖಾಲಿಯಾಯಿತು.

"ಬದಲಿಸ್ತಾ ಇದ್ದೆ ಭಾವ. ಆಗ ಕಾಲಿಗೆ ಎಂತದೋ ತಾಗಿತು."

ನಾನು ಅಡುಗೆಮನೆಯ ಕಡೆ ನೋಡಿದೆ, ತಂಗಿ ಇನ್ನೂ ಒಳಗೇ ಇದ್ದಳು.

"ತೂಕದ್ದು. ಅಂಟಿಕೊಂಡ ಹಾಗೆ," ಎಂದ. ಕೂತಲ್ಲೇ ಅವನ ಬಲಗಾಲು ಟೈಲ್ಸಿನ ಮೇಲೆ ಹಿಂದಕ್ಕೆ ಸರಿಯಿತು, ಹಿಮ್ಮಡಿ ಸೋಫಾದ ಕಾಲಿಗೆ ಬಡಿಯಿತು. "ನಾನು ನೋಡ್ಲಿಲ್ಲ. ನೀವು ನೋಡ್ಬಾರ್ದು ಅಂತ ಹೇಳಿದ್ರಲ್ಲ. ಮುಂದೆ ಹೋದೆ. ಹಿಂದಿನ ಗಾಡಿಗೆ ಹತ್ತಿದ ಮೇಲೆ ತಿರುಗಿ ನೋಡಿದ್ದು. ಅವ ಅಲ್ಲೇ ಗೋಡೆಯ ಹತ್ರ ಇದ್ದ. ಕೈ ಚಾಚಿ. ನನ್ನ ಪ್ಯಾಂಟು ಹಿಡ್ಕೊಂಡದ್ದು ಅವ ಭಾವ. ಆಗ ಜೀವ ಇತ್ತು ಅವ್ನಿಗೆ. ಆಮೇಲೆ ಬಾಗಿಲು ಹಾಕಿದ್ರು, ಗಾಡಿ ಬಿಟ್ರು."

ಅವನ ದನಿಯಲ್ಲಿ ನನ್ನ ಮೇಲೆ ದೂರು ಇರಲಿಲ್ಲ. ಅದು ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಲೇತಿನಲ್ಲಿ ಒಂದು ಕೆಲಸ ಹೇಗೆ ಮುಗಿಸಿದೆ ಎಂದು ಹೇಳುವವನ ಹಾಗೆ ಹೇಳಿದ. "ಬಗ್ಗಿದ್ರೆ ನಾನೂ ಹೋಗ್ತಿದ್ದೆ. ಅದು ಗ್ಯಾರಂಟಿ. ಗುಂಡು ಗೋಡೆಗೆ ಬಡೀತಾ ಇತ್ತು. ನೀವು ಕಲಿಸಿದ್ದು ಸರಿಯೇ ಭಾವ." ಇಷ್ಟು ಹೇಳಿ, ನನ್ನ ಮುಖವನ್ನೇ ನೋಡಿದ. ಹೌದು, ಸರಿ ಎಂದು ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು. ಸರಿ ಎಂದೆ. ಸರಿಯೇ ಅದು. ಇವತ್ತು ಯಾರಾದರೂ ಕೇಳಿದರೂ ಅದನ್ನೇ ಕಲಿಸುತ್ತೇನೆ, ಇಲ್ಲವಾದರೆ ಆ ಗೋಡೆಯ ಹತ್ತಿರ ಇಬ್ಬರು ಬಿದ್ದಿರುತ್ತಿದ್ದರು. ಆದರೂ ಸಾಹೇಬನ ಮೇಲೆ, ಕಂಪೆನಿಯ ಮೇಲೆ, ಒದೆಯಲಾರೆ ಎಂದ ಆ ಸತ್ತವನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

ಪಾಯಸದ ಬಟ್ಟಲು ಬಂತು. ಮೂವರೂ ತಿನ್ನುತ್ತಾ ಕೂತೆವು. ಆಗಲೇ ಫೋನು ಹೊಡೆದುಕೊಂಡಿತು. ತಂಗಿ ನಂಬರು ನೋಡಿ ಬಟ್ಟಲು ಕೆಳಗಿಟ್ಟಳು.

"ಬೈಲಹೊಂಗಲದ್ದು," ಎಂದಳು. "ಅವ್ರ ಹೆಂಡ್ತಿ ದಿನಾ ಮಾಡ್ತಾಳೆ ಪಾಪ. ಇವ್ರು ಒಂದ್ಸಲವೂ ತೆಗೀಲಿಲ್ಲ. ನಂಗೆ ಎಂತ ಹೇಳುದು ಅಂತ ಗೊತ್ತಾಗುದಿಲ್ಲ. ನೀನಾದ್ರೂ ಮಾತಾಡು ಅಣ್ಣ."

ಫೋನಿನ ಹ್ಯಾಂಡ್‌ಸೆಟ್ಟು ಕೆಟ್ಟು ಬಹಳ ದಿನವಾಗಿತ್ತು, ಎಲ್ಲವನ್ನೂ ರಿಪೇರಿ ಮಾಡುವ ಭಾವ ಬಂದ ಮೇಲೆ ಏನನ್ನೂ ಮುಟ್ಟಿರಲಿಲ್ಲ. ಸ್ಪೀಕರಿನಲ್ಲೇ ಮಾತಾಡಬೇಕಾಗಿತ್ತು. ಗುಂಡಿ ಒತ್ತಿದೆ. ನಾನು ಯಾರೆಂದು ಹೇಳಿದೆ. ಅವಳಿಗೆ ಗೊತ್ತಿತ್ತು, ಗಂಡ ಹೇಳಿದ್ದನಂತೆ.

"ಅಣ್ಣಾರ, ಒಂದ ಮಾತು ಕೇಳೂದಿತ್ರಿ," ಎಂದಳು. ಅತ್ತು ಅತ್ತು ಒಣಗಿದ ದನಿ. "ಎಲ್ಲಾರ್ನೂ ಕೇಳೇನ್ರಿ, ಯಾರೂ ಹೇಳವಲ್ರು. ಅವ್ರು ಬಿದ್ದಾಗ ಬಾಜೂಕ ಯಾರರ ಇದ್ರೇನ್ರಿ? ಬಾಯಾಗ ಒಂದ ಹನಿ ನೀರರ ಬಿಟ್ರೇನ್ರಿ ಯಾರರ?"

ಭಾವನ ಕೈಯಲ್ಲಿ ಚಮಚ ನಿಂತಿತು. ತಂಗಿ ನನ್ನನ್ನೇ ನೋಡುತ್ತಿದ್ದಳು, ಅವಳಿಗೆ ಏನೂ ಗೊತ್ತಿರಲಿಲ್ಲ. ಇದ್ದರು ಎಂದರೆ, ಯಾರು ಎಂದು ಫೋನಿನಲ್ಲಿದ್ದವಳು ಕೇಳುತ್ತಾಳೆ, ಅವರಿಗೆ ಫೋನು ಕೊಡಿ ಎನ್ನುತ್ತಾಳೆ.

"ಇಲ್ಲಮ್ಮ," ಎಂದೆ. "ಹತ್ತಿರ ಯಾರೂ ಇರ್ಲಿಲ್ಲ."

ಆ ಕಡೆಯಿಂದ ಯಾವುದೋ ಬಾಗಿಲು ತೆಗೆದ ಸದ್ದು, ಎಮ್ಮೆ ಕೂಗಿದ್ದು ಕೇಳಿಸಿತು. ಆಮೇಲೆ ಅವಳು ದೊಡ್ಡದಾಗಿ ಉಸಿರು ಬಿಟ್ಟಳು.

"ಹಂಗಾರ ಬಿ‌ಡ್ರಿ ಅಣ್ಣಾರ. ನನ್ನ ಮನಸಿಗೆ ಈಗ ಸಮಾಧಾನ ಆತು," ಎಂದಳು. "ಅವ್ರ ದೋಸ್ತ ಬಾಜೂಕ ಇದ್ದಿದ್ರ, ಅವ್ರನ್ನ ಹಂಗ ಬಿಟ್ಟು ಬರ್ತಿದ್ದಿಲ್ರಿ."